ಒಳಕ್ಕೆ ಮಡಚಿದ ಸಾಲು

ಕಾರ್ಡು ಅಂಗೈಯಷ್ಟಗಲ ಇತ್ತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಅಳೆದಳು.

"ಮಗುವಿನ ಅಂಗಿಗೆ ಒಂದು ಜೇಬು ಆಗತ್ತೆ ಅಷ್ಟೇ. ಇದ್ರಲ್ಲಿ ನನ್ನ ಜೀವನ ಹಿಡಿಸಬೇಕಾ?"

"ಹಿಡಿಸು. ನೀನೇನು ದೊಡ್ಡ ಸಾಮ್ರಾಜ್ಯ ಆಳಿದೀಯಾ?" ಎಂದಳು ತಂಗಿ.

ಅಕ್ಕ ನಕ್ಕಳು. ಅವತ್ತು ಅವಳಿಗೆ ಒಳ್ಳೆಯ ದಿನ. ಕಣ್ಣು ತಿಳಿಯಾಗಿತ್ತು, ಮಾತು ಹಳಿಯ ಮೇಲಿತ್ತು. ಅಂಥ ದಿನಗಳು ಈಚೆಗೆ ಕೈಗೆ ಸಿಕ್ಕಂತೆ ಸಿಕ್ಕಿ ಜಾರುತ್ತಿದ್ದವು. ಅದಕ್ಕೇ ತಂಗಿ ಬಸ್ ನಿಲ್ದಾಣದ ಮೂಲೆಯ ತನ್ನ ಹಣ್ಣಿನಂಗಡಿಯನ್ನು ತೆರೆಯದೆ, ಬೆಳಿಗ್ಗೆಯೇ ಮೇಜಿನ ಮುಂದೆ ಅಕ್ಕನನ್ನು ಕೂರಿಸಿದ್ದಳು.

ಅಕ್ಕ ಟೈಲರು. ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮರೆವು ಅವಳ ಕೆಲಸದಿಂದಲೇ ಶುರುವಾಗಿತ್ತು. ಮೊದಲು ಒಂದು ಅಂಗಿಗೆ ಎರಡೂ ಎಡಗೈ ತೋಳು ಕೂರಿಸಿದಳು. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಬಿಟ್ಟು, ಬೀಗ ಹಾಕಿ ಬೀದಿಗೆ ನಡೆದಳು. ಹೊಗೆ ಕಂಡು ಎದುರುಮನೆಯವರು ಬಾಗಿಲು ಒಡೆದರು. ಡಾಕ್ಟರು ಮೆದುಳಿನ ಫೋಟೋ ಹಿಡಿದು, ಇದು ಹೋಗುವ ದಾರಿಯೇ ಹೊರತು ಬರುವ ದಾರಿಯಲ್ಲ ಎಂದರು. ತಂಗಿಗೆ ಮಂಡಿನೋವು, ಅಂಗಡಿ ಬಿಟ್ಟರೆ ಒಲೆ ಉರಿಯುವುದಿಲ್ಲ. ಕೊನೆಗೆ ಆರೈಕೆ ಮನೆಯಲ್ಲಿ ಒಂದು ಕೋಣೆ ಗೊತ್ತಾಯಿತು.

ಅಲ್ಲಿನ ದೊಡ್ಡ ನರ್ಸಮ್ಮನದು ಒಂದೇ ಷರತ್ತು. ಬರುವವರು, ಇನ್ನೂ ಬರೆಯಲು ಆಗುವಾಗಲೇ, ತಮ್ಮ ಬದುಕನ್ನು ತಮ್ಮ ಕೈಯಾರೆ ಒಂದು ಕಾರ್ಡಿನಲ್ಲಿ ಬರೆದು ತರಬೇಕು. ಅದು ಬಾಗಿಲಿಗೆ ತೂಗುತ್ತದೆ. ಮುಂದೆ ಅವರಿಗೆ ತಾವು ಯಾರೆಂದು ತಿಳಿಯದಿದ್ದಾಗ ನೋಡಿಕೊಳ್ಳುವವರಿಗಾದರೂ ತಿಳಿಯಬೇಕಲ್ಲ. "ಪುರಾಣ ಬೇಡಮ್ಮ. ನಮ್ಮ ಆಯಾ ಬಾಗಿಲಲ್ಲಿ ನಿಂತು ಓದಿ ಮುಗಿಸಬೇಕು. ಕೈಯಲ್ಲಿ ಬೆಡ್‌ಪ್ಯಾನ್ ಇರತ್ತೆ," ಎಂದಿದ್ದರು ನರ್ಸಮ್ಮ.

ಅಕ್ಕ ಪೆನ್ನು ಹಿಡಿದಳು. ಅಕ್ಷರಗಳು ಅವಳ ಕೈಹೊಲಿಗೆಯಂತೆ ಒಂದೇ ಅಂತರದಲ್ಲಿ ಬಿದ್ದವು.

*ನಾನು ಟೈಲರ್. ಹೆಂಗಸರ, ಮಕ್ಕಳ ಬಟ್ಟೆ ಹೊಲಿದೆ.*

*ಎಡಗಿವಿ ಕೇಳಿಸುವುದಿಲ್ಲ. ಬಲಕ್ಕೆ ನಿಂತು ಮಾತಾಡಿ.*

*ಕೈಗೆ ಬಟ್ಟೆ ಕೊಟ್ಟರೆ ಸುಮ್ಮನಿರುತ್ತೇನೆ.*

*ಒಬ್ಬಳು ತಂಗಿ ಇದ್ದಾಳೆ. ಬಾಯಿ ಜೋರು.*

"ಮನಸ್ಸು ಒಳ್ಳೇದು ಅಂತ ಸೇರಿಸು," ಎಂದಳು ತಂಗಿ.

"ಜಾಗ ಇಲ್ಲ."

"ಭಾವನ ವಿಷಯ?"

"ಬದುಕಿದ್ದಾಗಲೇ ಮನೆಯಲ್ಲಿ ಜಾಗ ಮಾಡ್ಕೊಳ್ಳದೆ ಹೋದೋನು. ಅವನಿಗೆ ಕಾರ್ಡಲ್ಲಿ ಬೇರೆ ಜಾಗ ಕೊಡಬೇಕಾ?" ಅಕ್ಕ ಪೆನ್ನಿನ ತುದಿಯನ್ನು ಕೆಳಗೆ ಉಳಿದ ಖಾಲಿಯ ಮೇಲೆ ಊರಿದಳು. "ಈಗ ಪುಟ್ಟಿ."

ತಂಗಿ ಕಾದಿದ್ದದ್ದೂ ಇದಕ್ಕೇ, ಹೆದರಿದ್ದದ್ದೂ ಇದಕ್ಕೇ.

ಪುಟ್ಟಿ ಅಕ್ಕನ ಮಗಳು. ಏಳು ವರ್ಷದವಳಿದ್ದಾಗ ಜ್ವರ ಬಂತು. ವಾರ ಕಳೆಯುವುದರಲ್ಲಿ ಮನೆ ಖಾಲಿಯಾಯಿತು. ಅದಾಗಿ ಎಷ್ಟೋ ಕಾಲವಾಗಿದೆ. ಬೀದಿಯಲ್ಲಿ ಆಗಿನವರು ಯಾರೂ ಉಳಿದಿಲ್ಲ. ಆದರೆ ಮರೆವಿಗೆ ಕಾಲದ ಲೆಕ್ಕ ಇಲ್ಲವಲ್ಲ. ಕಳೆದ ತಿಂಗಳು ಅಕ್ಕ ಸಂಜೆ ಬಾಗಿಲಲ್ಲಿ ನಿಂತು, "ಪುಟ್ಟಿ ಸ್ಕೂಲಿಂದ ಇನ್ನೂ ಬಂದಿಲ್ವಲ್ಲೇ" ಎಂದಳು. ತಂಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅಕ್ಕ ಗೋಡೆಗೆ ಒರಗಿ ಜಾರಿ ನೆಲಕ್ಕೆ ಕುಸಿದಳು. ಅತ್ತದ್ದು ಹಳೆಯ ಅಳುವಲ್ಲ, ಅದೇ ಮೊದಲ ದಿನದ ಅಳು. ಅತ್ತು ಮಲಗಿ ಎದ್ದು, ಮುಖ ತೊಳೆದು, ಮತ್ತೆ ಬಾಗಿಲಿಗೆ ಹೋಗಿ ನಿಂತಳು. "ಪುಟ್ಟಿ ಇನ್ನೂ ಬಂದಿಲ್ವಲ್ಲೇ." ತಂಗಿ ಮತ್ತೆ ಹೇಳಿದಳು. ಮಗು ಮತ್ತೆ ಸತ್ತಿತು. ಅದರಾಚೆ ಹೇಳುವುದಕ್ಕೆ ತಂಗಿಯ ನಾಲಿಗೆ ಏಳಲಿಲ್ಲ. "ಬರ್ತಾಳೆ, ಒಳಗೆ ಬಾ" ಎನ್ನತೊಡಗಿದಳು.

"ಅಕ್ಕಾ, ಅವಳು ಬೇಡ," ಎಂದಳು ಈಗ. "ನಿಜ ಹೇಳೋಕಾಗದೆ ನಾನೇ ಸುಳ್ಳು ಹೇಳಿದೆ. ಅಲ್ಲಿ ಯಾರೋ ಆಯಾ ಕಾರ್ಡು ನೋಡಿ 'ಮಗಳು ಹೇಗೆ ಹೋದ್ಲಮ್ಮ' ಅಂತ ಕೇಳ್ತಾಳೆ. ಹಾಲು ಕೊಡುವಾಗ ಒಬ್ಬಳು, ಹಾಸಿಗೆ ಬದಲಿಸುವಾಗ ಇನ್ನೊಬ್ಬಳು. ದಿನಾ ನೀನು ಹೊಸದಾಗಿ ಸಾಯಬೇಕಾ?"

"ಬಿಟ್ಟರೆ?"

"ಬಿಟ್ಟರೆ ನೆಮ್ಮದಿ."

"ಯಾರಿಗೆ?" ಅಕ್ಕ ತಲೆ ಎತ್ತಿದಳು. "ಅವಳು ಇದ್ದಳು ಅನ್ನೋದಕ್ಕೆ ಈಗ ಸಾಕ್ಷಿ ನಾನು, ನೀನು. ನಾನು ಇವತ್ತೋ ನಾಳೆಯೋ ಅಳಿಸಿ ಹೋಗ್ತೀನಿ. ನಿನ್ನ ತಲೆಕೂದಲು ನೋಡ್ಕೊಂಡಿದೀಯಾ ಕನ್ನಡೀಲಿ? ನಾವಿಬ್ಬರೂ ಹೋದ ಮೇಲೆ ಆ ಮಗು ಹುಟ್ಟೇ ಇರಲಿಲ್ಲ ಅಂತ ಆಗತ್ತೆ ಕಣೇ."

ತಂಗಿಯನ್ನು ಪುಟ್ಟಿ ಚಿಕ್ಕಿ ಎನ್ನುತ್ತಿದ್ದಳು. ಆಮೇಲೆ ಹಾಗೆ ಕರೆದವರಿಲ್ಲ.

ಅಕ್ಕ ಕಾರ್ಡಿನ ತಳದಲ್ಲಿ ಉಳಿದ ಜಾಗವನ್ನು ಬೆರಳಿನಲ್ಲಿ ಅಳೆದಳು. ಆಮೇಲೆ ಅವಳ ಮುಖದ ಮೇಲೆ ಅಳತೆಗಿಂತ ಕಮ್ಮಿ ಬಟ್ಟೆ ತಂದ ಗಿರಾಕಿಗೆ ದಾರಿ ತೋರಿಸುವಾಗಿನ ಕಳೆ ಬಂತು. ಮಕ್ಕಳ ಬಟ್ಟೆಗೆ ಅವಳು ಯಾವತ್ತೂ ಕೆಳಗೆ ನಾಲ್ಕು ಬೆರಳು ಹೆಚ್ಚು ಬಟ್ಟೆ ಬಿಟ್ಟು ಒಳಕ್ಕೆ ಮಡಚಿ ಹೊಲಿಯುತ್ತಿದ್ದಳು. ಮಗು ಬೆಳೆದಂತೆ ಅಂಚು ಬಿಚ್ಚಿ ಇಳಿಸಿದರೆ ಆಯಿತು. ಕತ್ತರಿಸಿದ್ದನ್ನು ದೇವರೂ ಜೋಡಿಸಲಾರ, ಮಡಚಿದ್ದನ್ನು ಯಾರು ಬೇಕಾದರೂ ಬಿಚ್ಚಬಹುದು ಎನ್ನುವುದು ಅವಳ ಅಂಗಡಿಯ ಮಾತು.

ಅವಳು ಕಾರ್ಡಿನ ತಳದಲ್ಲಿ ಬರೆದಳು:

*ನನ್ನ ಮಗಳು ಪುಟ್ಟಿ. ಏಳು ವರ್ಷ ಇದ್ದಳು. ಹಳದಿ ಫ್ರಾಕಿನ ಅಂಚು ಬಿಚ್ಚುವಷ್ಟು ಬೆಳೆಯಲಿಲ್ಲ.*

ಆ ಸಾಲನ್ನು ಒಳಕ್ಕೆ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಇಸ್ತ್ರಿ ಹಾಕಿ, ಸೂಜಿ ತಂದು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದಳು. ಮುಂದಿನಿಂದ ನೋಡಿದರೆ ನಾಲ್ಕೇ ಸಾಲು.

"ದಾರ ಎಳೆದರೆ ಬಿಚ್ಕೊಳ್ಳತ್ತೆ. ನಾನು ಅವಳನ್ನ ಪೂರ್ತಿ ಮರೆತ ದಿನ ಬಿಚ್ಚು. ಆಗ ನನಗೆ ನೋವಾಗಲ್ಲ. ಉಳಿದವರು ಓದ್ಕೊಳ್ಳಲಿ." ಕಾರ್ಡನ್ನು ತಂಗಿಯ ಕೈಗಿಟ್ಟಳು. "ಗೊತ್ತಾಯ್ತಾ? ನಿನ್ನ ಕೈಲಿ ಕೊಟ್ಟಿದೀನಿ."

"ಆಯ್ತು ಮಾರಾಯ್ತಿ," ಎಂದಳು ತಂಗಿ.

ಬದುಕು ಕಲಿಸುವ ಬುದ್ಧಿ ಎಲ್ಲರಿಗೂ ಒಂದೇ ಅಲ್ಲ. ಟೈಲರು ಮಡಚುವುದನ್ನು ಕಲಿಯುತ್ತಾಳೆ, ಹಣ್ಣು ಮಾರುವವಳು ಕೆಟ್ಟ ಭಾಗವನ್ನು ಕೊಯ್ದು ಎಸೆಯುವುದನ್ನು. ಕೊಯ್ಯದಿದ್ದರೆ ಇಡೀ ಹಣ್ಣು ಹೋಗುತ್ತದೆ, ಹಣ್ಣಿನಿಂದ ಬುಟ್ಟಿ ಹೋಗುತ್ತದೆ. ಅಕ್ಕನನ್ನು ಸೇರಿಸಿದ ದಿನ ತಂಗಿ ಬಾಗಿಲಿಗೆ ಕಾರ್ಡು ತೂಗುಹಾಕಿ ಹಿಂದೆ ಸರಿದು ನೋಡಿದಳು. ಕೆಳಗಿನ ಬಿಳಿ ದಾರ ಎದ್ದು ಕಾಣುತ್ತಿತ್ತು. ಎಳೆಯಿರಿ ಎಂದು ಕರೆಯುವಂತಿತ್ತು. ಕಾರಿಡಾರಿನಲ್ಲಿ ಹೋಗುವ ಯಾವ ಕೈ ಸುಮ್ಮನಿದ್ದೀತು? ಒಳಗೆ ಅಕ್ಕ ಕಿಟಕಿಗೆ ಮುಖ ಮಾಡಿ, "ಪುಟ್ಟಿಗೆ ಈ ವಿಳಾಸ ಹೇಳಿದೀಯಾ?" ಎನ್ನುತ್ತಿದ್ದಳು.

ತಂಗಿ ನರ್ಸಮ್ಮನ ಮೇಜಿನಿಂದ ಬ್ಯಾಂಡೇಜು ಕತ್ತರಿಸುವ ಕತ್ತರಿ ತಂದು, ಹೊಲಿಗೆ ತುಂಡರಿಸಿ, ಮಡಿಕೆಯ ಗುಂಟ ಕತ್ತರಿಸಿದಳು. ದಪ್ಪ ಕಾರ್ಡಿನ ಮೇಲೆ ಕತ್ತರಿ ಓರೆಯಾಗಿ ಓಡಿತು. ಕಾರ್ಡಿನ ಕಡೆ ಸೊಟ್ಟಗಾದದ್ದನ್ನು ನೇರ ಮಾಡಲು ಇನ್ನೊಂದು ಎಳೆ ಕಾಗದ ಕತ್ತರಿಸಬೇಕಾಯಿತು. ಆ ಎಳೆ ಕಸದ ಬುಟ್ಟಿಗೆ ಬಿತ್ತು. ಬರಹವಿದ್ದ ಪಟ್ಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು. ಬಿಸಾಡಿಲ್ಲವಲ್ಲ, ಸಮಯ ಬಂದಾಗ ಅಂಟಿಸಿದರಾಯಿತು ಎಂದುಕೊಂಡಳು.

ಆಮೇಲೆ ವಾರಕ್ಕೊಮ್ಮೆ ಹಣ್ಣು ಕಟ್ಟಿಕೊಂಡು ಬಸ್ಸು ಹತ್ತುವುದೇ ಅವಳ ಬದುಕಾಯಿತು. ಅಕ್ಕ ಮೊದಮೊದಲು ಪುಟ್ಟಿಯನ್ನು ಕೇಳುತ್ತಿದ್ದಳು. ಆಮೇಲೆ ಯಾವುದೋ ಮಗುವನ್ನು. ಆಮೇಲೆ ಏನೋ ಕಳೆದಿದೆ ಎಂದಷ್ಟೇ ಹೇಳಿ ಹಾಸಿಗೆಯ ಕೆಳಗೆ ಹುಡುಕುತ್ತಿದ್ದಳು. ಕಡೆಗೆ ಹುಡುಕುವುದೂ ನಿಂತಿತು. ತಂಗಿಯನ್ನು "ಹಣ್ಣಿನವಳು ಬಂದ್ಲು" ಎಂದು ಬರಮಾಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ತಂಗಿ ಹೋದಾಗ ಕೋಣೆಯಲ್ಲಿ ಹೊಸ ಆಯಾ ಹಾಸಿಗೆ ಬದಲಿಸುತ್ತಿದ್ದಳು. ಮಾತುಗಾರ್ತಿ, ಕೈ ಚುರುಕು.

"ಟೈಲರಮ್ಮಂದು ಏನೂ ಕಾಟ ಇಲ್ಲ ನೋಡಿ. ಪಕ್ಕದ ಕೋಣೆಯವರು ಮಗ ಮಗ ಅಂತ ಇಡೀ ದಿನ ಗೋಳು. ಇವರಿಗೆ ಮಕ್ಕಳಿಲ್ವಲ್ಲ, ಪಾಪ. ಒಂಥರಾ ಪುಣ್ಯವಂತರು."

"ಮಕ್ಕಳಿಲ್ಲ ಅಂತ ಯಾರು ಹೇಳಿದ್ದು? ಒಬ್ಬಳು ಮಗಳಿದ್ದಳು," ಎಂದಳು ತಂಗಿ. ಅವಳ ದನಿ ಅವಳಿಗೇ ಜೋರೆನಿಸಿತು.

ಆಯಾ ಕಾರ್ಡನ್ನು ನೋಡಿದಳು, ತಂಗಿಯನ್ನು ನೋಡಿದಳು. "ಕಾರ್ಡಲ್ಲಿ ಇಲ್ವಲ್ಲಮ್ಮ."

"ಇತ್ತು. ನಾನೇ ತೆಗೆದೆ."

"ಹೂಂ ಹೂಂ." ಆಯಾ ದಿಂಬು ತಟ್ಟುತ್ತ ಮೆತ್ತಗೆ ಹೇಳಿದಳು, "ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾವು ಯಾರನ್ನ ಅಂತ ನಂಬೋದು? ಕಾರ್ಡಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ನೀವು ಕೂತ್ಕೊಳ್ಳಿ, ನೀರು ಕುಡೀತೀರಾ?" ಇಲ್ಲಿನ ರೋಗಿಗಳೊಂದಿಗೆ ಮಾತಾಡುವ ದನಿ ಅದು.

ಆಯಾ ಹೋದ ಮೇಲೆ ತಂಗಿ ಅಕ್ಕನ ಬಲಕ್ಕೆ ಕೂತು, ಮೆಲ್ಲಗೆ ಕೇಳಿದಳು. "ಅಕ್ಕಾ, ಪುಟ್ಟಿ ಗೊತ್ತಾ?"

"ಯಾರ ಮನೆ ಪುಟ್ಟಿ?" ಎಂದಳು ಅಕ್ಕ. ಮುಖದಲ್ಲಿ ನೋವಿನ ಒಂದು ಗೆರೆಯೂ ಏಳಲಿಲ್ಲ.

ಅಕ್ಕ ಹೇಳಿದ ದಿನ ಬಂದಿತ್ತು.

ತಂಗಿ ಬಾಗಿಲಿನ ಕಾರ್ಡನ್ನು ಬಿಡಿಸಿ ತಂದು ಅಕ್ಕನ ಮಡಿಲಲ್ಲಿಟ್ಟಳು. ಅಕ್ಕ ಓದಲಿಲ್ಲ. ಓದುವುದು ಹೋಗಿತ್ತು. ಆದರೆ ಬೆರಳುಗಳು ತಾವಾಗಿ ಕಾರ್ಡಿನ ತಳಕ್ಕೆ ಇಳಿದವು, ಗಿರಾಕಿ ತಂದ ಹಳೆ ಬಟ್ಟೆಯ ಅಂಚು ಹಿಡಿದು ನೋಡುವಂತೆ ಈ ಕೊನೆಯಿಂದ ಆ ಕೊನೆಗೆ ಹೋದವು, ಮತ್ತೆ ಹಿಂದಕ್ಕೆ ಬಂದವು. ಹುಬ್ಬು ಗಂಟಿಕ್ಕಿತು.

"ಒಳಗೆ ಏನೂ ಬಿಟ್ಟಿಲ್ಲ. ಇದನ್ನ ಇನ್ನು ಇಳಿಸೋದು ಹೇಗೆ? ಯಾವ ಕೆಲಸ ಗೊತ್ತಿಲ್ಲದವಳು ಕತ್ತರಿಸಿದ್ದು?"

"ನಾನೇ ಅಕ್ಕಾ."

ಅಕ್ಕ ಅವಳನ್ನು ನೋಡಿದಳು. ಬೈಯಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದು ಕೆಡಿಸಿದವಳನ್ನು ನೋಡುವ ಹಾಗಿತ್ತು ಆ ನೋಟ. ತಂಗಿ ಕನ್ನಡಕದ ಡಬ್ಬಿ ತೆರೆದಳು. ದಾರದ ತುಂಡುಗಳಿನ್ನೂ ಅಂಟಿಕೊಂಡಿದ್ದ ಪಟ್ಟಿಯನ್ನು ತೆಗೆದು ಅಕ್ಕನ ಕೈಗೆ ಕೊಟ್ಟಳು. "ಇಲ್ಲಿದೆ ನೋಡು. ಎಸೆದಿಲ್ಲ. ಇಟ್ಟಿದೀನಿ. ಸೇರಿಸ್ತೀಯಾ? ಅಂಟಿಸೋಣ."

ಅಕ್ಕ ಪಟ್ಟಿಯನ್ನು ಕಾರ್ಡಿನ ತಳಕ್ಕೆ ಹಿಡಿದಳು. ಅಂಚಿಗೆ ಅಂಚು ಕೂರಿಸಿದಳು. ಕೂರಲಿಲ್ಲ. ಒಂದು ನೇರ, ಇನ್ನೊಂದು ಓರೆ. ನಡುವೆ ಬೆಳಕು ಕಾಣುತ್ತಿತ್ತು. ತಿರುಗಿಸಿ ಹಿಡಿದಳು, ಮತ್ತೆ ನೋಡಿದಳು. ಆತುರಪಡಲಿಲ್ಲ. ಇಷ್ಟು ವರ್ಷ ಎಷ್ಟು ತುಂಡುಗಳನ್ನು ಹೀಗೆ ಹೊಂದಿಸಿ ನೋಡಿದ್ದಳೋ, ಅಷ್ಟೇ ತಾಳ್ಮೆಯಿಂದ ನೋಡಿದಳು.

ಕಡೆಗೆ ಅಕ್ಕ ತಲೆ ಅಲ್ಲಾಡಿಸಿ ಪಟ್ಟಿಯನ್ನು ಹಿಂದಕ್ಕೆ ಕೊಟ್ಟಳು.

"ಇದು ಇದರದ್ದಲ್ಲಮ್ಮ. ಬೇರೆ ಯಾರದ್ದೋ ಸೇರ್ಕೊಂಡಿದೆ." ತಂಗಿಯ ಮುಷ್ಟಿಯನ್ನು ತಾನೇ ಮುಚ್ಚಿ, ಮೇಲೆ ಮೆಲ್ಲಗೆ ತಟ್ಟಿದಳು. "ಹುಡುಕಿ ಕೊಟ್ಬಿಡು. ಪಾಪ, ಯಾರೋ ಕಾಯ್ತಾ ಇರ್ತಾರೆ."