ಒಡತಿಯ ಪಾಲಿನ ಸೂಜಿ

“ಏ ಮುಂಡೇದೆ, ಸೂಜಿ ಹಾಕಿಸ್ಕೊಳ್ದೆ ಅನ್ನ ಕೇಳೋಕೆ ನಾಚ್ಕೆ ಆಗಲ್ವಾ? ನಡಿ ಆಚೆ!”

ಪಡಿತರ ಅಂಗಡಿಯ ಗುಮಾಸ್ತ ಅವಳ ಖಾಲಿ ಚೀಲವನ್ನು ಕಿಟಕಿಯಿಂದ ಹೊರಕ್ಕೆಸೆದ. ಲಸಿಕೆ ಹಾಕಿಸಿಕೊಳ್ಳದವರಿಗೆ ಸರ್ಕಾರದ ಧಾನ್ಯವಿಲ್ಲವೆಂದು ಹೊಸ ಆದೇಶ ಬಂದಿತ್ತು. ಬಟ್ಟೆ ಒಗೆಯುವವಳು ಚೀಲವೆತ್ತಿ ಧೂಳು ಕೊಡವಿದಳು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಅವಳು ಹೊರಡುವಾಗ ಕೇಳಿದ್ದು ಒಂದೇ ಮಾತು: “ಇವತ್ತಾದ್ರೂ ಸಿಗತ್ತಾ?”

“ಅಣ್ಣಾ, ಎರಡು ಸಲ ಚುಚ್ಚಿಸ್ಕೊಂಡಿದೀನಿ. ಗಂಡನ ಆಣೆ.”

“ಆಣೆ ಕಂಪ್ಯೂಟರ್ ಮುಂದೆ ಇಡು. ಅದು ನಂಬಿದ್ರೆ ಕೊಡ್ತೀನಿ.”

ಸಾಲಿನಲ್ಲಿದ್ದವರು ನಕ್ಕರು.

ಚುಚ್ಚಿಸಿಕೊಂಡದ್ದು ನಿಜ, ಆದರೆ ಒಡತಿಯ ಹೆಸರಿನಲ್ಲಿ. ಸೂಜಿ ಹಾಕಿಸಿಕೊಂಡವರು ನೆಟ್ಟಗೆ ಏಳುವುದಿಲ್ಲವೆಂದು ಯಾರೋ ಒಡತಿಯ ಕಿವಿಯಲ್ಲಿ ಊದಿದ್ದರು. “ನಿನ್ನ ಮೈ ಗಟ್ಟಿ ಕಣೇ, ನನ್ನ ಬದಲು ನೀನೇ ಹೋಗು. ಆಗಲ್ಲ ಅಂದ್ರೆ ನಾಳೆಯಿಂದ ಬಟ್ಟೆಗೂ ಬರ್ಬೇಡ” ಅಂದಿದ್ದಳು. ಇವಳು ಒಡತಿಯ ಸೀರೆಯುಟ್ಟು, ಮೂಗುಬಾಯಿಗೆ ಬಟ್ಟೆ ಕಟ್ಟಿ ಹೋಗಿಬಂದಳು. ಜ್ವರ ಮಾತ್ರ ಇವಳಿಗೇ ಬಂತು. ಆ ಜ್ವರದಲ್ಲೇ ಒಡತಿಯ ಕಂಬಳಿಗಳನ್ನೂ ಒಗೆದಳು.

ಈಗ ತನ್ನ ಹೆಸರಿಗೂ ಸೂಜಿ ಬರೆಸಲು ಆಸ್ಪತ್ರೆಗೆ ಹೋದರೆ, ತೋಳಿನ ಮೇಲೆ ಇಸ್ತ್ರಿ ಸುಟ್ಟ ಕಲೆ ಕಂಡದ್ದೇ ನರ್ಸ್ ಎದ್ದು ನಿಂತಳು.

“ಅಯ್ಯೋ, ದೊಡ್ಡಮನೆ ಅಮ್ಮಾವ್ರೇ! ಈ ಕಲೆ ಮರೀತೀನಾ? ನಿಮಗೆ ಎರಡೂ ಆಗಿದೆಯಲ್ಲ. ಕೂತ್ಕೊಳ್ಳಿ, ನೀರು ಕುಡೀರಿ.”

ಹುಟ್ಟಿದಂದಿನಿಂದ ಯಾರೂ ಅವಳಿಗೆ ಹಾಗೆ ಕುರ್ಚಿ ಸರಿಸಿರಲಿಲ್ಲ. ಆ ಧೈರ್ಯದಲ್ಲೇ ನಿಜ ಹೇಳಿಬಿಟ್ಟಳು. ನರ್ಸ್ ನೀರಿನ ಲೋಟವನ್ನು ತನ್ನತ್ತ ಎಳೆದುಕೊಂಡಳು.

“ಮೆಲ್ಲಗೆ ಮಾತಾಡೇ! ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಎರಡಾದವಳಿಗೆ ಮತ್ತೆ ಚುಚ್ಚೋ ಹಾಗೂ ಇಲ್ಲ. ನಿಮ್ಮೊಡತೀನೇ ಬಂದು ಹೇಳ್ಲಿ.”

ಒಡತಿಯ ಗೇಟಿನ ಮೇಲೆ ಹಸಿರು ಚೀಟಿ ಅಂಟಿಸಿದ್ದರು: ‘ಈ ಮನೆಯವರೆಲ್ಲ ಲಸಿಕೆ ಪಡೆದಿದ್ದಾರೆ.’

“ಅಲ್ಲೇ ನಿಂತ್ಕೊ!” ಜಗಲಿಯಿಂದ ಒಡತಿ ಕೂಗಿದಳು. “ಸೂಜಿ ಆಗದವರನ್ನ ಒಳಗೆ ಬಿಟ್ಕೊಳ್ಳಲ್ಲ.”

“ಅಮ್ಮಾವ್ರೇ, ನಿಮ್ಮ ಸೂಜಿ ನನ್ನ ಮೈಯೊಳಗೇ ಇದೆಯಲ್ಲ! ಒಂದು ಮಾತು ಹೇಳಿ. ಮನೇಲಿ ಅವರು ಹಸ್ಕೊಂಡು ಮಲಗಿದ್ದಾರೆ.”

“ಹೇಳಿ ನಾನು ಜೈಲಿಗೆ ಹೋಗ್ಲಾ? ನಿನ್ನ ಗಂಡ ಹೇಗಿದ್ರೂ ಸಾಯೋನು. ಸುಮ್ನೆ ಊರೆಲ್ಲ ಯಾಕೆ ಅಲೀತೀಯ?”

ಬಾಗಿಲು ಮುಚ್ಚಿತು. ಅವಳು ಅಲ್ಲೇ ನಿಂತಳು. ಕಣ್ಣೊರೆಸಿದ ಒದ್ದೆ ಬೆರಳನ್ನು ಚೀಟಿಯ ಅಂಚಿಗೆ ಒತ್ತಿ, ಕಾಲರಿನ ಕೊಳೆ ತೆಗೆಯುವವಳಂತೆ ಉಗುರಿನಿಂದ ಕೆರೆದಳು. ಚೀಟಿ ಹರಿದು ‘ಲಸಿಕೆ ಪಡೆದಿದ್ದಾರೆ’ ಎಂಬ ಅರ್ಧ ಬಂತು. ಅದನ್ನು ಸುಟ್ಟ ಕಲೆಯ ಮೇಲೆ ಅಂಟಿಸಿಕೊಂಡು ಗುಮಾಸ್ತನ ಕಿಟಕಿಗೇ ಹಿಂದಿರುಗಿದಳು.

“ಮತ್ತೆ ಬಂದ್ಯಾ? ಏನೇ ಇದು ವೇಷ?”

“ಓದಿ ಸ್ವಾಮಿ. ಆ ದೊಡ್ಡಮನೇಲಿ ಸೂಜಿ ಚುಚ್ಚಿಸ್ಕೊಂಡವಳು ನಾನೊಬ್ಬಳೇ. ಧಾನ್ಯ ಹಾಕಿ. ಇಲ್ಲಾಂದ್ರೆ ಈ ತೋಳು ಕಡ್ಕೊಂಡು ನಿಮ್ಮ ಕಂಪ್ಯೂಟರ್‌ಗೆ ತೋರಿಸಿ!”

ಚೀಲದ ಸಮೇತ ಕೈಯನ್ನು ಕಿಟಕಿಯೊಳಗೆ ತೂರಿಸಿದಳು. ಗುಮಾಸ್ತ ಬೈಯುತ್ತ ಕಿಟಕಿಯ ತಗಡನ್ನು ಎಳೆದ. ಅದು ಅವಳ ತೋಳಿನ ಮೇಲೆ ಬಿದ್ದು ನಿಂತಿತು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

ಅವಳು ಕೈ ಹಿಂದೆಗೆಯಲಿಲ್ಲ. ಒಳಗೆ, ಬಟ್ಟೆಸೋಡಾ ತಿಂದು ಸವೆಸಿದ ಬೆರಳುಗಳು ಚೀಲದ ಬಾಯನ್ನು ಅಗಲಿಸಿ ಹಿಡಿದೇ ಇದ್ದವು.