ವರ್ಲಿನ್ ತುಂಬಿಟ್ಟ ಕಾಡತೂಸು

ಲೀಲಂಡ್ ನೆಲಮಾಳಿಗೆಗೆ ಇಳಿದು, ತೀರಿಕೊಂಡ ಅಣ್ಣ ವರ್ಲಿನ್‌ನ ಕಪಾಟು ತೆರೆಯುತ್ತಿದ್ದಾಗ, ಆರ್ಡಿಸ್ ಒಂದೇ ಕಾಲಿಗೆ ಶೂ ಹಾಕಿಕೊಂಡು ಹಿಂದೆಯೇ ಓಡಿಬಂದಳು.

"ಅದನ್ನ ಮುಟ್ಟಬೇಡ."

"ಮೂರೇ ಮೂರು, ಅತ್ತಿಗೆ." ಮೈದುನ ಕಾಡತೂಸಿನ ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ. "ಮಣ್ಣು ಮಾಡೋವಾಗ ಗೌರವಕ್ಕೆ ಅಂತ ಅವನದೇ ಬಂದೂಕಲ್ಲಿ, ಅವನೇ ತುಂಬಿದ ಕಾಡತೂಸು ಹಾರಿಸ್ತೀನಿ. ಪಾದ್ರಿಗಳೂ ಒಪ್ಪಿದಾರೆ."

"ಅಂಗಡೀದು ಹಾರಿಸು."

"ಅಂಗಡೀದಾ? ಶವಪೆಟ್ಟಿಗೆಯಿಂದ ಎದ್ದು ಬಂದು ಬೈತಾನೆ ಅಷ್ಟೆ!"

ಬೇರೆಯವರು ಮನೆಯಲ್ಲಿ ಮದ್ದು ತುಂಬಿದ ಕಾಡತೂಸನ್ನು, ಲೆಕ್ಕ ತಪ್ಪಿದ್ದರೆ ಬಂದೂಕೇ ಸಿಡಿಯುತ್ತದೆಂದು, ಮೊಂಟಾನಾದ ಆ ಊರಿನಲ್ಲಿ ಯಾರೂ ಹಾರಿಸುತ್ತಿರಲಿಲ್ಲ. ಲೀಲಂಡ್ ಮಾತ್ರ ಮೂವತ್ತು ವರ್ಷ ಅಣ್ಣನ ಕೈಯದನ್ನೇ ನಂಬಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಬೇಟೆಯಾಡಿದ್ದ. ಅಣ್ಣನೆಂದರೆ ಅವನಿಗೆ ಅಷ್ಟು ಹೆಮ್ಮೆ.

ಆರ್ಡಿಸ್ ಮೆಟ್ಟಿಲಿಗೆ ಅಡ್ಡ ನಿಂತಳು. ಹೇಳಿದರೆ ಗಂಡನಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಮೈದುನನ ಜೀವವೇ ಹೋಗಬಹುದು.

*

ಮಗಳು ಮದುವೆಯಾಗಿ ಹೋದ ವರ್ಷ ವರ್ಲಿನ್ ನೆಲಮಾಳಿಗೆಯ ಈ ಮೂಲೆ ಹಿಡಿದಿದ್ದ. ಧಾನ್ಯದ ಗೋದಾಮಿನಲ್ಲಿ ತೂಕ ಹಾಕುವ ಕೆಲಸ ಅವನದು. ಮನೆಗೆ ಬಂದರೂ ತೂಕವೇ. ಹಳೆಯ ಬಾಗಿಲಿನಿಂದ ಮೇಜು ಮಾಡಿ ಗೋಡೆಗೆ ಬೋಲ್ಟು ಬಿಗಿದ. ಕಾಡತೂಸಿನ ಕೊಳವೆಗೆ ಗುಂಡು ಕೂರಿಸುವ ಒತ್ತುಯಂತ್ರ ಎಡಕ್ಕೆ, ಮದ್ದು ತೂಗುವ ತಕ್ಕಡಿ ಗಾಳಿ ತಾಗದ ಕಡೆ. ರೇಡಿಯೋ ಇಲ್ಲ, ಮಾತಿಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬ; ಅದು ಕಪಾಟು ಸೇರಿದ ಮೇಲೆಯೇ ಇನ್ನೊಂದು. ಒಂದೊಂದು ಮದ್ದಿಗೆ ಒಂದೊಂದು ಬಲ, ಬೆರೆಯಬಾರದು.

"ನನ್ನ ಅಡುಗೆಮನೇಲಿ ಇಷ್ಟು ಕಾನೂನು ಇದ್ದಿದ್ರೆ ನಾವಿಬ್ರೂ ಉಪವಾಸ ಸಾಯ್ತಿದ್ವಿ," ಎಂದು ಅವಳು ಛೇಡಿಸುತ್ತಿದ್ದಳು.

ಕಳೆದ ಚಳಿಗಾಲ ಊಟಕ್ಕೆ ಕರೆಯಲು ಇಳಿದಾಗ ಮೇಜಿನ ಮೇಲೆ ಎರಡು ಡಬ್ಬಗಳು ಬಾಯ್ತೆರೆದಿದ್ದವು. ವರ್ಲಿನ್ ಅವುಗಳ ಮುಂದೆ ಕೈಕಟ್ಟಿ ಕೂತಿದ್ದ.

"ಯಾವುದರಿಂದ ತುಂಬ್ತಿದ್ದೆ ಅಂತ ಗೊತ್ತಾಗ್ತಿಲ್ಲ ಕಣೆ," ಎಂದ. ಒಂದು ಡಬ್ಬದ ಮುಚ್ಚಳ ಹಾಕುತ್ತಾ, "ಲೀಲಂಡ್‌ಗೆ ಮಾತ್ರ ಹೇಳ್ಬೇಡ."

ತುಂಬಿದ್ದನ್ನೆಲ್ಲ ಬಿಚ್ಚಿಹಾಕುತ್ತೇನೆ ಎಂದಿದ್ದ. ಬಿಚ್ಚಿದನೋ ಮರೆತನೋ ಅವಳು ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು.

*

"ನಿಮ್ಮಣ್ಣನಿಗೆ ಮರೆವು ಬಂದಿತ್ತು," ಎಂದಳು ಆರ್ಡಿಸ್. "ಕೊನೆಗೆ ಡಬ್ಬದ ಗುರುತೂ ಹತ್ತುತ್ತಿರಲಿಲ್ಲ."

ಲೀಲಂಡ್‌ನ ಮುಖ ಕೆಂಪಾಯಿತು. "ಮಣ್ಣಿಗಿಡೋ ದಿನವೇ ಹೇಳ್ಬೇಕಾ ಇದನ್ನ?"

"ಇವತ್ತೇ ಹೇಳ್ಬೇಕು. ಆ ಬಂದೂಕಿಗೆ ಕೆನ್ನೆ ಒತ್ತೋನು ನೀನು. ಅದು ಒಡೆದ್ರೆ ನಿನ್ನ ಮುಖ ಉಳಿಯುತ್ತೇನೋ?"

ಅವನು ಗುಂಡು ಬಿಡಿಸುವ ಪೊಳ್ಳು ಸುತ್ತಿಗೆಗೆ ಒಂದು ಕಾಡತೂಸನ್ನು ಸಿಕ್ಕಿಸಿ ನೆಲಕ್ಕೆ ಬಡಿದ. ಮೇಲೆ, ಸಾವಿನ ಮನೆಗೆಂದು ಬಂದಿದ್ದ ಚರ್ಚಿನ ಹೆಂಗಸರ ಮಾತು ನಿಂತಿತು. ಇನ್ನೆರಡು ಸಲ ಬಡಿದು, ಮದ್ದನ್ನು ಬಿಳಿ ಹಾಳೆಯ ಮೇಲೆ ಸುರಿದ. ಸಣ್ಣ ಕಡ್ಡಿಯಂಥ ಕಾಳುಗಳ ನಡುವೆ ಸಾಸಿವೆಯಂಥ ಕಾಳುಗಳು ಬೆರೆತಿದ್ದವು. ಎರಡು ಡಬ್ಬದ ಮದ್ದು, ಒಂದೇ ಕೊಳವೆಯಲ್ಲಿ.

ಲೀಲಂಡ್ ಎರಡನೆಯದನ್ನು ಬಿಚ್ಚಲಿಲ್ಲ. ಮೇಜಿಗೆ ಹಣೆ ಊರಿ ಬಿಕ್ಕಿಬಿಕ್ಕಿ ಅತ್ತ. ಆರ್ಡಿಸ್ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

"ಕಾರು ಬಂತು!" ಮೇಲಿನಿಂದ ಯಾರೋ ಕೂಗಿದರು.

ಅವನು ಮುಖ ಒರೆಸಿಕೊಂಡ. "ನಿಮ್ಮ ಕಪ್ಪು ಸ್ಕಾರ್ಫ್ ಕೊಡಿ ಅತ್ತಿಗೆ."

*

ಸ್ಮಶಾನದಲ್ಲಿ ಅವನ ಬಲಗೈ ಕುತ್ತಿಗೆಗೆ ಕಟ್ಟಿದ ಸ್ಕಾರ್ಫಿನಲ್ಲಿ ನೇತಾಡುತ್ತಿತ್ತು.

"ಬಂದೂಕೆಲ್ಲೋ?" ಪಕ್ಕದ ಮನೆಯ ಆರ್ವಿಡ್ ಕೇಳಿದ.

"ಮೆಟ್ಟಿಲ ಮೇಲೆ ಜಾರಿಬಿದ್ದೆ. ಭುಜ ಎತ್ತೋಕಾಗ್ತಿಲ್ಲ."

"ಮುದುಕ ಆದೆ ಬಿಡು! ನಿಮ್ಮಣ್ಣನ್ನ ನೋಡಿ ಕಲಿ. ಕೊನೇವರೆಗೂ ಕೂದಲೆಳೆಯಷ್ಟೂ ತಪ್ಪಲಿಲ್ಲ ಅವನ ಲೆಕ್ಕ."

"ಹೌದು," ಎಂದ ಲೀಲಂಡ್. "ಒಂದೂ ತಪ್ಪಲಿಲ್ಲ."

ಆರ್ಡಿಸ್ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಳು. ಪಾದ್ರಿಗಳು ಸನ್ನೆ ಮಾಡಿದಾಗ ಲೀಲಂಡ್ ಬಗ್ಗಿ, ಅಭ್ಯಾಸವಿಲ್ಲದ ಎಡಗೈಯಲ್ಲಿ ಮಣ್ಣು ತೆಗೆದು ಹಾಕಿದ. ಅರ್ಧ ಶವಪೆಟ್ಟಿಗೆಯ ಮೇಲೆ ಬಿತ್ತು, ಅರ್ಧ ಅವನ ಶೂಗಳ ಮೇಲೆ.