ಮೀಯೆಸ್ ಕಣಿವೆಯ ಬಿಳಿ ಚೌಕಗಳು

"ಲೇ ಲಾಪ್, ಆ ಮುದುಕಿಗೆ ಹೇಳು. ಕತ್ತು ಸರಿಯಾಗಿ ಹಿಡಿಯೋಕೆ ಬರಲ್ಲ ಅಂದ್ರೆ ಬೇಲಿ ಆಚೆ ಹೋಗಿ ನಿಂತ್ಕೊಳ್ಳಲಿ. ಇಡೀ ದಿನ ನಿಮ್ಮ ಸಗಣಿ ತುಳೀತಾ ಇರೋಕೆ ನಾನು ಬಂದಿಲ್ಲ."

ಲಾಪ್ ಎಂದರೆ ಸ್ವೀಡನ್ನಿನವರ ಮಾತಿನಲ್ಲಿ ತೇಪೆ, ಚಿಂದಿ. ನಮ್ಮ ಜನಕ್ಕೆ ಅವರಿಟ್ಟ ಹೆಸರು ಅದು. ನಾವು ನಮ್ಮನ್ನು ಸಾಮಿ ಎಂದು ಕರೆದುಕೊಳ್ಳುತ್ತೇವೆ. ಗಣಿ ಕಂಪನಿಯ ನಕ್ಷೆ ಸಾಹೇಬ ವೆಸ್ಟರ್ಲುಂಡನಿಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೇ ಲಾಪ್ ಅನ್ನುತ್ತಾನೆ.

ಆ ಮುದುಕಿ ನನ್ನ ಅವ್ವನ ಅಕ್ಕ, ಮಾರ್ಗೆತ್ ದೊಡ್ಡಮ್ಮ. ವಯಸ್ಸು ಅರವತ್ತೆಂಟು. ಮಂಡಿಯುದ್ದ ಹಿಮದಲ್ಲಿ, ಬಸುರಿ ಹಿಮಸಾರಂಗವೊಂದರ ಕೊಂಬು ಹಿಡಿದು ಅದರ ಭಾರವನ್ನೆಲ್ಲ ಸೊಂಟಕ್ಕೆ ತೆಗೆದುಕೊಂಡು ನಿಂತಿದ್ದಳು. ನಾನು ಅದರ ಕತ್ತಿಗೆ ಪಟ್ಟಿ ಬಿಗಿಯುತ್ತಿದ್ದೆ. ದಪ್ಪ ಬೆಲ್ಟಿಗೆ ಸಾಬೂನು ಬಿಲ್ಲೆಯಷ್ಟು ದೊಡ್ಡ ಡಬ್ಬಿ. ಆ ಡಬ್ಬಿ ಉಪಗ್ರಹಗಳ ಕಡೆ ಕಿವಿಕೊಟ್ಟು, ತಾನೆಲ್ಲಿದ್ದೇನೆ ಎಂದು ಎರಡು ಗಂಟೆಗೊಮ್ಮೆ ಕಂಪನಿಯ ಕಂಪ್ಯೂಟರಿಗೆ ಹೇಳುತ್ತದೆ. ಕಂಪನಿ ನಮ್ಮ ಹಿಂಡಿಗೆ ಇಪ್ಪತ್ತು ಪಟ್ಟಿ ಕೊಟ್ಟಿತ್ತು. ದಾನವಂತೆ.

"ಒಟ್ಟು ಎಷ್ಟಿದಾವೆ ನಿಮ್ಮವು?" ವೆಸ್ಟರ್ಲುಂಡ್ ಪೆನ್ನು ತೆಗೆದ.

ನಮ್ಮಲ್ಲಿ ಸಾರಂಗ ಎಷ್ಟಿವೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಯಾರೂ ಹೇಳುವುದಿಲ್ಲ. ಮಲಗಿದ ಗಂಡ ಹೆಂಡಿರ ಕೋಣೆಗೆ ಇಣುಕಿ ನೋಡಿದ ಹಾಗೆ ಅದು.

"ಮೊದ್ಲು ನಿನ್ನ ತಲೇಲಿ ಉಳ್ದಿರೋ ಕೂದ್ಲು ಎಣ್ಸ್ಕಂಡ್ ಬಾರಪ್ಪ," ಅಂದಳು ದೊಡ್ಡಮ್ಮ. "ಅದೇನು ಬೇಗ ಮುಗೀತದೆ."

ಬೇಲಿಯ ಮೇಲೆ ಕುಳಿತಿದ್ದ ನಮ್ಮ ಹುಡುಗರು ಗೊಳ್ಳೆಂದು ನಕ್ಕರು. ವೆಸ್ಟರ್ಲುಂಡ್ ಕೆಂಪಗಾದ. ಹಾಳೆಯ ಮೇಲೆ ಏನೋ ಗೀಚಿ, ಕಾರಿನ ಬಾಗಿಲನ್ನು ರಪ್ಪೆಂದು ಹಾಕಿಕೊಂಡು ಹೋದ.

"ಯಾಕ್ಲಾ ಪಿಯೆರಾ ಇದೆಲ್ಲ?" ಸಾರಂಗವನ್ನು ಬಿಟ್ಟು ದೊಡ್ಡಮ್ಮ ಸೊಂಟ ನೀವಿಕೊಂಡಳು. "ನಮ್ ಸಾರಂಗ ಎಲ್ಲವೆ ಅಂತ ನಮ್ಗೆ ಗೊತ್ತಿಲ್ವಾ?"

"ನಮ್ಗೆ ಗೊತ್ತಿದ್ರೆ ಸಾಲ್ದು ದೊಡ್ಡಮ್ಮ. ಅವ್ರ ನಕ್ಷೇಲಿ ಕಾಣ್ಬೇಕು. ಕಂಡ್ರೆ ಗಣಿ ರಸ್ತೆ ಮೀಯೆಸ್ ಕಣಿವೆ ಕಡೀಕೆ ತರಾಕಾಗಲ್ಲ."

ಒಪ್ಪಿಸಿದವನು ನಾನೇ. ಆರು ತಿಂಗಳು ಪಟ್ಟಣದಲ್ಲಿ ಕಂಪ್ಯೂಟರ್ ನಕ್ಷೆಯ ಕೋರ್ಸು ಮಾಡಿ ಬಂದಿದ್ದೆ. ನಮ್ಮ ನೆಲವನ್ನು ನಾವೇ ನಕ್ಷೆಗೆ ಹಾಕಿದರೆ ಯಾರೂ ಕಸಿಯಲಾರರು ಎಂದು ಪಾಠದಲ್ಲಿ ಹೇಳಿದ್ದರು. ಅದನ್ನೇ ನಂಬಿ ಇಡೀ ಊರಿಗೆ ಬೋಧಿಸಿದೆ. ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೀಯೆಸ್ ಎಂದರೆ ಸಾರಂಗದ ಮರಿ. ಕಣಿವೆಯ ಹೆಸರೇ ಕತೆ ಹೇಳುತ್ತದೆ. ಎರಡೂ ಕಡೆ ಕಡಿದಾದ ಬಂಡೆಗೋಡೆ, ತಳದಲ್ಲಿ ಗಾಳಿ ತಾಗದ ಹುಲ್ಲು. ಮೇ ತಿಂಗಳಲ್ಲಿ ಹೆಣ್ಣುಗಳೆಲ್ಲ ಅಲ್ಲಿಗೇ ಇಳಿದು ಮರಿ ಹಾಕುತ್ತವೆ. ಆಗ ನಾವು ಕೂಡ ಅತ್ತ ಸುಳಿಯುವುದಿಲ್ಲ. ನಾಯಿಗಳನ್ನು ಕಟ್ಟಿ ಹಾಕುತ್ತೇವೆ, ಮನೆಯಲ್ಲಿ ಮಾತು ಸಣ್ಣಗೆ ಆಡುತ್ತೇವೆ. ಬೆದರಿದ ತಾಯಿ ಒಮ್ಮೆ ಓಡಿತೆಂದರೆ ಮರಿಯ ವಾಸನೆ ಮರೆಯುತ್ತದೆ. ಆಮೇಲೆ ಮರಿ ನರಿಯ ಪಾಲು, ಇಲ್ಲವೇ ಹದ್ದಿನ ಪಾಲು.

ಪಟ್ಟಿ ಕಟ್ಟಿದ ಮರುವರ್ಷ ಮೇ ಮೊದಲ ವಾರ ಪಂಚಾಯಿತಿ ಭವನದಲ್ಲಿ ಸಭೆ ಕರೆದರು. ದಾಲ್ಚಿನ್ನಿ ಬನ್ನು, ಕಾಫಿ ಇಟ್ಟಿದ್ದರು. ಸರ್ಕಾರದ ಕಡೆಯಿಂದ ಬಂದಿದ್ದ ಓಡ್‌ಮನ್ ಎಂಬ ಹೆಂಗಸು ನಮ್ಮೆಲ್ಲರ ಕೈಕುಲುಕಿದಳು. ಕುಲುಕಿದ ಮೇಲೆ ಮೇಜಿನ ಕೆಳಗೆ ಕೈ ಒರೆಸಿಕೊಂಡಳು. ನಾನು ನೋಡಿದೆ.

ಗೋಡೆಯ ಮೇಲೆ ನಕ್ಷೆ ಬಿತ್ತು. ಬೆಟ್ಟಗಳನ್ನೆಲ್ಲ ಸಣ್ಣ ಚೌಕಗಳಾಗಿ ಕತ್ತರಿಸಿದ್ದರು. ಒಂದೊಂದು ಚೌಕಕ್ಕೆ ಒಂದೊಂದು ಅಂಕಿ, ಅಂಕಿಗೆ ತಕ್ಕ ಬಣ್ಣ. ಸಾರಂಗ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ಹಳದಿ. ಮೀಯೆಸ್ ಕಣಿವೆ ಉದ್ದಕ್ಕೂ ಬಿಳಿ.

"ಬಿಳಿ ಅಂದ್ರೆ ಸೊನ್ನೆ," ಅಂದ ವೆಸ್ಟರ್ಲುಂಡ್. "ಹೋದ ವರ್ಷ ಇದೇ ತಿಂಗಳ ಚುಕ್ಕಿಗಳು ಇವು. ಈ ಕಣಿವೆಯಲ್ಲಿ ಒಂದೇ ಒಂದು ಸಾರಂಗ ಇರಲಿಲ್ಲ. ರಸ್ತೆಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ."

ನಾನು ಎದ್ದು ನಿಂತೆ. "ಸ್ವಾಮಿ, ಆ ಕಣಿವೆ ತಳದಿಂದ ನೋಡಿದ್ರೆ ಆಕಾಶ ಒಂದು ಗೇಣು ಅಗಲ ಕಾಣುತ್ತೆ. ಡಬ್ಬಿಗೆ ನಾಲ್ಕು ಉಪಗ್ರಹ ಸಿಗದಿದ್ರೆ ಜಾಗ ಗೊತ್ತಾಗಲ್ಲ. ಕಣಿವೆಗೆ ಇಳಿದ ಸಾರಂಗ ನಿಮಗೆ ಚುಕ್ಕಿ ಕಳಿಸೋದೇ ಇಲ್ಲ. ಚುಕ್ಕಿ ಬರದ ಚೌಕಕ್ಕೆ ನೀವು ಅಂಕಿ ಹೇಗೆ ಹಾಕಿದ್ರಿ?"

"ಅಕ್ಕಪಕ್ಕದ ಚುಕ್ಕಿ ನೋಡಿ ನಡುವಿನದ್ದನ್ನ ಕಂಪ್ಯೂಟರೇ ಊಹಿಸಿ ತುಂಬುತ್ತೆ. ನಿನ್ನ ಕೋರ್ಸಲ್ಲಿ ಹೇಳ್ಕೊಟ್ಟಿಲ್ವ?"

"ಅಕ್ಕಪಕ್ಕ ಇರೋದು ಬರೀ ಬಂಡೆ. ಬಂಡೆ ಮೇಲೆ ಸಾರಂಗ ಯಾಕೆ ನಿಲ್ಲುತ್ತೆ?"

"ಅದಕ್ಕೇ ಸೊನ್ನೆ ಬಂದಿದೆ." ಅವನು ಓಡ್‌ಮನ್ ಕಡೆ ನೋಡಿ ನಕ್ಕ. "ಹಿಂಡಿನ ಸಂಖ್ಯೆ ಕೇಳಿದೆ, ಕೊಡಲಿಲ್ಲ. ಇರೋದರಲ್ಲಿ ಲೆಕ್ಕ ಹಾಕಿದೀನಿ."

ದೊಡ್ಡಮ್ಮ ಕಾಫಿ ಲೋಟ ಕೆಳಗಿಟ್ಟಳು. "ಚುಕ್ಕಿ ಬರ್ದಿದ್ರೆ ಗೊತ್ತಿಲ್ಲ ಅಂತ ಬರೀಬೇಕು ಕಣಪ್ಪ. ನೀನು ಆ ಮಾತಿನ ತಲೆ ಕಡ್ದು, ಬರೀ ಇಲ್ಲ ಅಂತ ಬರ್ಕಂಡಿದೀಯ. ಬೆಕ್ಕು ಕಣ್ ಮುಚ್ಕಂಡ್ ಹಾಲ್ ಕುಡ್ದಂಗಾಯ್ತು ನಿನ್ ಬುದ್ದಿ. ಬಾ ನನ್ ಜೊತೆ, ತೋರುಸ್ತೀನಿ. ನಾನು ಹುಟ್ಟಿದ್ದೇ ಆ ಕಣಿವೆ ಬಾಯಲ್ಲಿ."

"ನಿಮ್ಮ ಭಾವನೆ ಅರ್ಥ ಆಗುತ್ತೆ ಅಜ್ಜಿ," ಅಂದಳು ಓಡ್‌ಮನ್. "ಆದ್ರೆ ನಾವು ದಾಖಲೆ ನೋಡಬೇಕಾಗುತ್ತೆ. ಬನ್ನು ತಗೊಳ್ಳಿ."

"ನಿನ್ ಬನ್ನು ನಿನ್ ಮುಕಳೀಗಿಟ್ಕೊ," ಎಂದು ದೊಡ್ಡಮ್ಮ ಎದ್ದು ಹೊರಟಳು.

ಅಪ್ಪಣೆ ಹನ್ನೊಂದು ದಿನಕ್ಕೆ ಬಂತು. ಕಣಿವೆಯ ಮೇಲಂಚಿನ ಬಂಡೆ ಸಿಡಿಸಬಹುದು. ನಮ್ಮ ಮೇಲಿನ ಕರುಣೆಯಿಂದ ಎರಡು ಷರತ್ತು ಹಾಕಿದ್ದರು. ಸಿಡಿಸುವ ಮೊದಲು ಕಂಪ್ಯೂಟರ್ ಪರದೆ ನೋಡಬೇಕು, ಅಪಾಯದ ವೃತ್ತದೊಳಗೆ ಪಟ್ಟಿ ಕಟ್ಟಿದ ಸಾರಂಗದ ಚುಕ್ಕಿ ಇದ್ದರೆ ಕಾಯಬೇಕು. ಚುಕ್ಕಿ ಇಲ್ಲದಿದ್ದರೆ, ಸಾರಂಗ ಇಲ್ಲ ಎಂದು ನಮ್ಮ ಪ್ರತಿನಿಧಿ ಸಹಿ ಹಾಕಬೇಕು. ಪ್ರತಿನಿಧಿ ನಾನು. ನಮ್ಮ ಮರಿಗಳ ಕುತ್ತಿಗೆಗೆ ನನ್ನ ಕೈಯಿಂದಲೇ ಚಾಕು ಹಾಕಿಸುವ ಏರ್ಪಾಡು.

ಬಂಡೆ ಸಿಡಿಸುವ ದಿನ ಬೆಳಿಗ್ಗೆ ದೊಡ್ಡಮ್ಮ ಒಣಮಾಂಸವನ್ನು ಕಾಫಿಗೆ ಅದ್ದಿಕೊಂಡು ತಿನ್ನುತ್ತ ಹೇಳಿದಳು, "ತೋಳ ತಿಂದ ಸಾರಂಗದ ಪಟ್ಟಿ ಇತ್ತಲ್ಲ, ಕೊಡ್ಲಾ ಇಲ್ಲಿ. ನನ್ ಕತ್ತಿಗೆ ಕಟ್ಕಂಡು ಕಣಿವೆ ಪಕ್ಕದ್ ದಿಬ್ಬದ ಮ್ಯಾಲೆ ಕೂತ್ಕತೀನಿ. ಅವ್ರಿಗೆ ಚುಕ್ಕಿ ತಾನೆ ಬೇಕು? ನಾನೇ ಸಾರಂಗ ಆಯ್ತೀನಿ."

"ಎಷ್ಟು ಹೊತ್ತು ಕೂರ್ತೀಯೆ?"

"ಮರಿ ಎಲ್ಲ ಎದ್ದು ಓಡಾಡೋಗಂಟ. ಎರಡು ವಾರ ಕುಂತ್ರೆ ಕುಂಡಿ ಏನ್ ಸವೀತದಾ?"

ಇಬ್ಬರೂ ನಕ್ಕೆವು. ನಾನೇ ಪಟ್ಟಿ ಕಟ್ಟಿದೆ, ಹತ್ತು ನಿಮಿಷಕ್ಕೊಮ್ಮೆ ಚುಕ್ಕಿ ಹೋಗುವಂತೆ ಡಬ್ಬಿ ಹೊಂದಿಸಿದೆ. ಅವಳ ಕತ್ತಿಗೆ ಅದು ಸಡಿಲವಾಯಿತು, ಇನ್ನೊಂದು ತೂತು ಕೊರೆಯಬೇಕಾಯಿತು.

ಗಣಿಯವರ ವ್ಯಾನು ಬಂಡೆಯಂಚಿನಿಂದ ಸಾಕಷ್ಟು ಹಿಂದೆ ನಿಂತಿತ್ತು. ಮದ್ದು ತುಂಬಿ ಆಗಿತ್ತು. ಸಿಡಿಸುವ ಮೇಸ್ತ್ರಿ ರೋಲ್ಫ್ ನನ್ನ ಜೊತೆ ಶಾಲೆಗೆ ಬಂದವನು. ಪರದೆ ನೋಡಿ, "ಒಂದ್ ಐತಲ್ಲ ಸಾರ್, ದಿಬ್ಬದ ಮೇಲೆ," ಅಂದ. ಅಪಾಯದ ವೃತ್ತದ ಒಳ ಅಂಚಿನಲ್ಲಿ ಕೆಂಪು ಚುಕ್ಕಿ.

"ಹೋಗುತ್ತೆ, ಕಾಯೋಣ," ಅಂದ ವೆಸ್ಟರ್ಲುಂಡ್.

ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಚುಕ್ಕಿ ಕದಲಲಿಲ್ಲ. "ಯಾವ ಸೂಳೆಮಗಂದು ಸಾರಂಗ ಇದು? ಕಾಲು ಮುರ್ಕೊಂಡಿದೆಯಾ?" ಎಂದು ವೆಸ್ಟರ್ಲುಂಡ್ ವ್ಯಾನಿನ ಗಾಲಿಗೆ ಒದ್ದ. ನಾನು ನಗು ತಡೆದುಕೊಂಡು ಬೂಟಿನ ದಾರ ಕಟ್ಟಿದೆ.

ಹತ್ತೂವರೆಗೆ ಚುಕ್ಕಿ ಇಲ್ಲವಾಯಿತು. ಮುಂದಿನ ಹತ್ತು ನಿಮಿಷಕ್ಕೂ ಬರಲಿಲ್ಲ, ಅದರ ಮುಂದಿನದ್ದಕ್ಕೂ ಬರಲಿಲ್ಲ.

ನನಗೆ ತಕ್ಷಣ ತಿಳಿಯಿತು. ದಿಬ್ಬದಿಂದ ಕಣಿವೆ ಪೂರ್ತಿ ಕಾಣುತ್ತದೆ. ಯಾವುದೋ ಹೆಣ್ಣು ಮರಿ ಹಾಕಲಾರದೆ ಒದ್ದಾಡುತ್ತಿರಬೇಕು. ಅದನ್ನು ಕಂಡು ದೊಡ್ಡಮ್ಮ ಕೂತಿರುವವಳಲ್ಲ. ಇಳಿದಿದ್ದಾಳೆ.

"ಖಾಲಿ," ಅಂದ ವೆಸ್ಟರ್ಲುಂಡ್. ಹಾಳೆಯನ್ನು ನನ್ನ ಎದೆಗೆ ಒತ್ತಿದ. "ಸಹಿ ಹಾಕು."

"ಅದು ಸಾರಂಗ ಅಲ್ಲ. ನನ್ನ ದೊಡ್ಡಮ್ಮ. ಕಣಿವೆಗೆ ಇಳಿದಿದಾಳೆ. ಸಿಡಿಸಬೇಡಿ."

"ಎಲ್ಲಿ? ತೋರಿಸು." ಅವನು ಪರದೆಗೆ ಬೆರಳು ಕುಟ್ಟಿದ. ಬಿಳಿ ಚೌಕಗಳು. "ಮೊದಲು ಸಾರಂಗ ಇದೆ ಅಂದ್ರಿ. ಈಗ ಮುದುಕಿ ಇದಾಳೆ ಅಂತೀಯ. ನಾಳೆ ನಿಮ್ಮಜ್ಜನ ದೆವ್ವ ಇದೆ ಅಂತೀಯ. ರೋಲ್ಫ್, ಸೈರನ್ ಹಾಕು, ಅಷ್ಟರಲ್ಲಿ ಇವನು ಸಹಿ ಹಾಕ್ತಾನೆ. ಮನುಷ್ಯರಿದ್ರೆ ಕೇಳಿ ಓಡಿ ಬರ್ತಾರೆ."

ರೋಲ್ಫನ ಕೈ ಗುಂಡಿಯ ಹತ್ತಿರ ಹೋಗಿ ನಿಂತಿತು. "ಸಾರ್, ಒಂದ್ ಸಲ ಹೋಗ್ ನೋಡ್ಕಂಡ್ ಬರ್ಲಾ?"

"ನೋಡೋಕೆ ನಕ್ಷೆ ಇದೆ. ನಿನಗೆ ಈ ಕೆಲಸ ಬೇಕೋ ಬೇಡ್ವೋ ಹೇಳು."

ಸೈರನ್ ಕೂಗಿತು. ಮೂರು ಸಲ ಕೂಗುತ್ತದೆ, ಐದೈದು ನಿಮಿಷಕ್ಕೆ. ಮೂರನೆಯದು ನಿಂತರೆ ಬಂಡೆ ಹಾರುತ್ತದೆ. ಅದು ಮೊದಲನೆಯದು.

ನಾನು ಪೆನ್ನು ತೆಗೆದುಕೊಂಡೆ. 'ಸಾರಂಗ ಇಲ್ಲ' ಎಂದು ಅಚ್ಚು ಹಾಕಿದ್ದ ಸಾಲಿಗೆ ಅಡ್ಡಗೆರೆ ಎಳೆದು ಕೆಳಗೆ ಬರೆದೆ: ಇವೆ. ಒಬ್ಬ ಹೆಂಗಸೂ ಇದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಗಂಡಸೂ ಇರುತ್ತಾನೆ. ಸಹಿ ಹಾಕಿ, ಹಾಳೆಯನ್ನು ವೆಸ್ಟರ್ಲುಂಡನ ಕೈಗೆ ಕೊಡದೆ ರೋಲ್ಫನ ಕೈಗೆ ಕೊಟ್ಟೆ. ಕೆಂಪು ಹಗ್ಗ ದಾಟಿ ನಡೆದೆ.

"ಏಯ್! ಹಿಡೀರೋ ಆ ಲಾಪ್ ನನ್ಮಗನ್ನ!"

ಹಗ್ಗ ದಾಟಲು ಯಾರಿಗೂ ಧೈರ್ಯವಿರಲಿಲ್ಲ. ರೋಲ್ಫ್ ಮಾತ್ರ ಕೂಗಿದ, "ಪಿಯೆರಾ, ವಾಪಸ್ ಬಾರ್ಲಾ! ನೀನ್ ಒಳಗಿದೀಯ ಅಂತ ನಂಗ್ ಕಾಣ್ತಾ ಐತೆ ಕಣ್ಲಾ!"

"ಕಾಣ್ತದಾ?" ನಾನೂ ಕೂಗಿದೆ. "ಹಂಗಾರೆ ಬರ್ಕೊ!"

ಆಮೇಲೆ ಓಡಿದೆ. ಸಡಿಲ ಕಲ್ಲುಗಳ ಮೇಲೆ ಜಾರುತ್ತ, ಅಂಗೈ ತರಚಿಕೊಳ್ಳುತ್ತ ಕಣಿವೆಗೆ ಇಳಿದೆ. ತಳದಲ್ಲಿ ಹೆಣ್ಣುಗಳೆಲ್ಲ ಕಿವಿ ನಿಮಿರಿಸಿ ನಿಂತಿದ್ದವು. ಕೆಲವುಗಳ ಹೊಟ್ಟೆಯ ಕೆಳಗೆ ಇನ್ನೂ ಒದ್ದೆ ಮರಿಗಳು. ಮದ್ದಿಟ್ಟ ಬಂಡೆಯ ನೇರ ಕೆಳಗೆ ದೊಡ್ಡಮ್ಮ ಮಲಗಿದ ಸಾರಂಗವೊಂದರ ಪಕ್ಕದಲ್ಲಿ ಮಂಡಿಯೂರಿದ್ದಳು. ಮೊಣಕೈವರೆಗೂ ರಕ್ತ. ಕತ್ತಿನ ಪಟ್ಟಿಯಲ್ಲಿ ಪುಟ್ಟ ದೀಪ ಆಕಾಶ ಹುಡುಕುತ್ತ ಮಿನುಗುತ್ತಿತ್ತು.

"ದೊಡ್ಡಮ್ಮ, ಏಳು! ಸಿಡಿಸ್ತಾರೆ!"

"ಕೂಗ್ಬ್ಯಾಡ. ನೀನ್ ಕೂಗಿದ್ರೆ ಇವು ಓಡ್ತವೆ." ಅವಳು ತಲೆ ಎತ್ತಲಿಲ್ಲ. "ಒಂದ್ ಕಾಲು ಬಂದದೆ, ಇನ್ನೊಂದು ಸಿಕ್ಕಂಡದೆ. ನಾ ಬಿಟ್ರೆ ಎರಡೂ ಸಾಯ್ತವೆ."

ಎರಡನೆಯ ಸೈರನ್ ಕೂಗಿತು. ಕಣಿವೆಯ ಎರಡೂ ಗೋಡೆಗೆ ಬಡಿದು ಅದು ನಾಲ್ಕು ಸೈರನ್ ಆಯಿತು. ಮಲಗಿದ್ದ ಸಾರಂಗ ಏಳಲು ಹವಣಿಸಿತು. ದೊಡ್ಡಮ್ಮ ಅದರ ಕತ್ತಿನ ಮೇಲೆ ಎದೆಯೂರಿ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ತಲೆ ಎತ್ತಿ ನೋಡಿದೆ. ಒಂದು ಗೇಣು ಆಕಾಶ, ಅದರ ಅಂಚಿಗೆ ಬಂಡೆ, ಬಂಡೆಯಿಂದ ಇಳಿಬಿದ್ದ ಹಳದಿ ತಂತಿ. ಅಲ್ಲಿ ಯಾರ ತಲೆಯೂ ಕಾಣಲಿಲ್ಲ.

"ನಿಂತ್ಕಂಡ್ ಏನ್ ನೋಡ್ತೀಯ? ಬಾರ್ಲಾ, ಕಾಲ್ ಹಿಡ್ಕೊ. ನಾ ಹೇಳ್ದಾಗ ಎಳಿ."

ನಾನು ಅವಳ ಎದುರು ಮಂಡಿಯೂರಿ ಮರಿಯ ಜಾರುವ ಕಾಲು ಹಿಡಿದೆ. ಬೆಚ್ಚಗಿತ್ತು, ಅದರುತ್ತಿತ್ತು. ಮೇಲೆ ಮೂರನೆಯ ಸೈರನ್ ಶುರುವಾಯಿತು.